ಟೂರ್ ಪ್ಯಾಂಪ್ಲೆಟ್‌ನಲ್ಲಿ ‘ಕ್ಯಾಸಿನೊ’ ಎಂದು ಹಾಕುವ ಮೊದಲು

ಭತ್ತದ ಕಟಾವು ಮುಗಿದು ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ರೈತರ ಕೈಗೆ ದುಡ್ಡು ಬರುವ ಹೊತ್ತಿಗೆ ಸರಿಯಾಗಿ ಒಂದು ಥರದ ಪ್ಯಾಂಪ್ಲೆಟ್ ಊರಿಗೆ ಬರುತ್ತದೆ. ‘ಗೋವಾ 3 ದಿನ 2 ರಾತ್ರಿ, ಎಸಿ ಬಸ್, ಊಟ, ಕ್ಯಾಸಿನೊ ಎಂಟ್ರಿ ಫ್ರೀ!’ ಬೆಳಗಿನ ಪೇಪರ್ ನಡುವೆ ಮಡಚಿಟ್ಟು ಮನೆಗೇ ತಲುಪಿಸುತ್ತಾರೆ. ರೈಸ್ ಮಿಲ್ ಗೇಟಿನ ಹತ್ತಿರ ಹಂಚುತ್ತಾರೆ. ಬಸ್ ಸ್ಟ್ಯಾಂಡಿನ ಚಹಾ ಅಂಗಡಿ ಟೇಬಲ್ ಮೇಲೂ ಬಿದ್ದಿರುತ್ತದೆ.

ಅಂಥದ್ದೊಂದನ್ನು ನಾನೇ ಡಿಸೈನ್ ಮಾಡಿಕೊಟ್ಟಿದ್ದೇನೆ. ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಪ್ರಿಂಟಿಂಗ್ ಅಂಗಡಿ. ಕೆಲವು ವರ್ಷಗಳ ಹಿಂದೆ ಒಬ್ಬ ಟ್ರಾವೆಲ್ಸ್‌ನವರಿಗೆ ಎರಡು ಸಾವಿರ ಪ್ರತಿ ಹಾಕಿಕೊಟ್ಟೆ. ಹಳದಿ ನಕ್ಷತ್ರದೊಳಗೆ ಕೆಂಪು ಅಕ್ಷರದಲ್ಲಿ ‘ಫ್ರೀ’, ಪಕ್ಕದಲ್ಲಿ ತಿರುಗುವ ಚಕ್ರ, ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಷರತ್ತು. ಆ ಬಸ್ಸಿನಲ್ಲಿ ನಮ್ಮ ಸೋದರಮಾವನ ಮಗನೂ ಹೋದ. ಆ ಬೆಳೆಯ ದುಡ್ಡಷ್ಟೂ ಒಂದೇ ರಾತ್ರಿಯಲ್ಲಿ ಹೋಯಿತು. ಅತ್ತೆ ಅವನ ಅಂಗಿ ಕಿಸೆಯಲ್ಲಿ ಸಿಕ್ಕ ಆ ಕಾಗದವನ್ನು ತಂದು ನನ್ನ ಟೇಬಲ್ ಮೇಲಿಟ್ಟರು. ಕೆಳಗೆ ನಮ್ಮ ಪ್ರೆಸ್ಸಿನ ಹೆಸರಿತ್ತು. ಅವರು ಏನೂ ಮಾತಾಡಲಿಲ್ಲ, ಹೊರಟುಹೋದರು.

ಆಮೇಲೆ ನಾನು ಕಾನೂನು ಓದಿಕೊಂಡೆ. ತಿಳಿಯದ್ದನ್ನು ವಕೀಲರ ಹತ್ತಿರ ಕುಳಿತು ಕೇಳಿದೆ. ಹೋಂಸ್ಟೇ ನಡೆಸುವವರು, ಟ್ರಾವೆಲ್ಸ್‌ನವರು, ಟ್ಯಾಕ್ಸಿಯವರು, ಇನ್‌ಸ್ಟಾಗ್ರಾಂ ಪೇಜ್ ನಡೆಸುವ ಹುಡುಗರು, ನನ್ನ ಹಾಗೆ ಅಚ್ಚು ಹಾಕುವವರು, ಎಲ್ಲರಿಗೂ ಉಪಯೋಗಕ್ಕೆ ಬರಲಿ ಎಂದು ನಾನು ಈಗ ಪಾಲಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಆಟ ಎಲ್ಲಿ ಎನ್ನುವುದರ ಜೊತೆ, ಕಾಗದ ಯಾರ ಕೈಗೆ ಬೀಳುತ್ತದೆ ಎಂದೂ ಕೇಳಿ

‘ಗೋವಾದಲ್ಲಿ ಕ್ಯಾಸಿನೊಗೆ ಲೈಸೆನ್ಸ್ ಇದೆ. ನಾವು ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ ಅಷ್ಟೇ. ತಪ್ಪೇನು?’ ನನ್ನ ಅಂಗಡಿಗೆ ಬರುವ ಹೆಚ್ಚಿನವರ ಮಾತು ಇದು. ಅರ್ಧ ನಿಜ. ಜೂಜು, ಬಾಜಿ ನಮ್ಮ ಸಂವಿಧಾನದ ರಾಜ್ಯ ಪಟ್ಟಿಯಲ್ಲಿವೆ, 34ನೇ ನಮೂದು. ಅಂದರೆ ಪ್ರತಿ ರಾಜ್ಯವೂ ತನ್ನ ನಿಯಮ ತಾನೇ ಮಾಡಿಕೊಳ್ಳಬಹುದು. ಗೋವಾ ತನ್ನ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲ್‌ಗಳಲ್ಲಿ ದುಡ್ಡು ಹಾಕಿ ಆಡುವ ಸ್ಲಾಟ್ ಮಷೀನ್‌ಗೆ ಅವಕಾಶ ಕೊಟ್ಟಿತು. ಆಮೇಲೆ ಹಡಗಿನ ಮೇಲಿನ ಆಟಕ್ಕೂ ಕೊಟ್ಟಿತು. ಪಣಜಿಯಲ್ಲಿ ಮಾಂಡೋವಿ ನದಿಯ ಮೇಲೆ ರಾತ್ರಿ ಮಿಂಚುವ ಹಡಗುಗಳು ಬಂದದ್ದು ಹಾಗೆ. ಸಿಕ್ಕಿಂ ಕೂಡ 2002ರಲ್ಲಿ ಕ್ಯಾಸಿನೊ ಕಾಯ್ದೆ ಮಾಡಿತು. ಕರ್ನಾಟಕದಲ್ಲಿ ಅಂಥ ಅವಕಾಶ ಇಲ್ಲ. ಇಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆ ನಡೆಯುತ್ತದೆ. ಜೂಜಿನ ಅಡ್ಡೆ ನಡೆಸಿದರೆ 79ನೇ ಕಲಂ, ಅಲ್ಲಿ ಆಡುತ್ತಾ ಸಿಕ್ಕರೆ 80, ರಸ್ತೆಯಲ್ಲಿ, ಸಾರ್ವಜನಿಕ ಜಾಗದಲ್ಲಿ ಆಡಿದರೆ 87. ಇಸ್ಪೀಟ್ ರೇಡ್ ಸುದ್ದಿಯಲ್ಲಿ ಈ ನಂಬರುಗಳನ್ನು ನೀವು ಓದಿಯೇ ಇರುತ್ತೀರಿ.

ಉಳಿದ ಅರ್ಧ ತಿಳಿಯಲು 1957ರ ಒಂದು ಸುಪ್ರೀಂ ಕೋರ್ಟ್ ತೀರ್ಪು ನೋಡಬೇಕು. ನನಗೆ ಬಹಳ ಇಷ್ಟವಾದ ತೀರ್ಪು ಅದು, ಏಕೆಂದರೆ ಅದರ ಬೇರು ನಮ್ಮ ಕಡೆಯದೇ. ಆಗಿನ ಮೈಸೂರು ರಾಜ್ಯದ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ಒಂದು ವಾರಪತ್ರಿಕೆಯಲ್ಲಿ ಹಣದ ಬಹುಮಾನದ ಪದಬಂಧ ಸ್ಪರ್ಧೆ ಬರುತ್ತಿತ್ತು. ಪತ್ರಿಕೆ ಮುಂಬೈ ರಾಜ್ಯದಲ್ಲೂ ಚೆನ್ನಾಗಿ ಮಾರಾಟವಾಗುತ್ತಿತ್ತು. ಅಲ್ಲಿನ ಜನ ಫಾರಂ ತುಂಬಿ ದುಡ್ಡು ಕಟ್ಟುತ್ತಿದ್ದರು. ಮುಂಬೈ ಸರ್ಕಾರ ಇದನ್ನು ತನ್ನ ಕಾಯ್ದೆಯ ಕೆಳಗೆ ತಂದಿತು. ‘ನಾವಿರುವುದು ಬೆಂಗಳೂರಿನಲ್ಲಿ, ಮುಂಬೈ ಕಾನೂನು ನಮಗೆ ಹೇಗೆ ಬರುತ್ತದೆ?’ ಎಂದು ನಡೆಸುವವರು ವಾದಿಸಿದರು. ಕೋರ್ಟ್ ಒಪ್ಪಲಿಲ್ಲ. ಪತ್ರಿಕೆ ಅಲ್ಲಿ ಹಂಚಿಕೆಯಾಗುತ್ತದೆ, ಜನರನ್ನು ಅಲ್ಲಿ ಕರೆಯುತ್ತದೆ, ದುಡ್ಡು ಅಲ್ಲಿ ಸೇರುತ್ತದೆ, ನಂಟು ಅಷ್ಟು ಸಾಕು ಎಂದಿತು. ಜೂಜನ್ನು ಮೂಲಭೂತ ಹಕ್ಕಿನ ರಕ್ಷಣೆ ಇರುವ ವ್ಯಾಪಾರ ಎಂದು ಕರೆಯಲು ಆಗುವುದಿಲ್ಲ ಎಂದೂ ಹೇಳಿತು.

ಹಡಗು ಪಣಜಿಯಲ್ಲಿ ನಿಂತಿರಬಹುದು. ನಮ್ಮ ಪ್ಯಾಂಪ್ಲೆಟ್ ಬೀಳುವುದು ಕಾರಟಗಿಯ ಚಹಾ ಅಂಗಡಿಯಲ್ಲಿ. ನಾವು ಲೆಕ್ಕ ಹಾಕಬೇಕಾದದ್ದು ಚಹಾ ಅಂಗಡಿಯಿಂದ.

ಇನ್ನೊಂದು ವಿಷಯ. 2020ರ ಫೆಬ್ರವರಿಯಿಂದ ಗೋವಾದ ನಿವಾಸಿಗಳೇ ಅಲ್ಲಿನ ಕ್ಯಾಸಿನೊದಲ್ಲಿ ಆಡುವಂತಿಲ್ಲ ಎಂಬ ನಿಯಮ ಇದೆ. ಸಿಕ್ಕಿಂ ಕೂಡ ಸ್ಥಳೀಯರಿಗೆ ಬಾಗಿಲು ಹಾಕಿದೆ. ಸಿಂಗಾಪುರದಲ್ಲಿ ಎರಡು ದೊಡ್ಡ ಕ್ಯಾಸಿನೊಗಳಿವೆ. ಅಲ್ಲಿನ ಪ್ರಜೆ ಒಳಗೆ ಹೋಗಬೇಕಾದರೆ ದಿನಕ್ಕೆ 150 ಸಿಂಗಾಪುರ ಡಾಲರ್ ಶುಲ್ಕ ಕಟ್ಟಬೇಕು, ತನ್ನ ಜನರಿಗೆ ಅವುಗಳ ಜಾಹೀರಾತು ತಲುಪಿಸುವುದನ್ನೂ ಸರ್ಕಾರ ಬಿಗಿಯಾಗಿ ತಡೆದಿದೆ. ಚೀನಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜೂಜಿನ ಆಸೆ ತೋರಿಸಿ ಚೀನೀ ಪ್ರವಾಸಿಗರನ್ನು ಸೆಳೆಯುವ ವಿದೇಶಿ ಊರುಗಳ ಕಪ್ಪುಪಟ್ಟಿ ಮಾಡುವುದಾಗಿ 2020ರಲ್ಲಿ ಹೇಳಿತು. ಜನರನ್ನು ಗುಂಪು ಕಟ್ಟಿಕೊಂಡು ಹೊರದೇಶಕ್ಕೆ ಜೂಜಿಗೆ ಕರೆದೊಯ್ಯುವುದನ್ನು 2021ರಿಂದ ಅಪರಾಧ ಮಾಡಿತು. ಯಾವ ಊರಿನವರು ತಮ್ಮ ಮನೆಯ ಹುಡುಗರನ್ನು ಒಳಗೆ ಬಿಡುವುದಿಲ್ಲವೋ ಆ ಊರಿನ ಆಟಕ್ಕೆ ನಮ್ಮ ಹುಡುಗರನ್ನು ನಾವೇ ಕೂಗಿ ಕರೆಯುವುದು ಸರಿ ಕಾಣುವುದಿಲ್ಲ, ಅಲ್ವಾ?

ಹೆಜ್ಜೆ 2: ಆಟವನ್ನು ಮೂರು ಗುಂಪು ಮಾಡಿಕೊಳ್ಳಿ

ಗಿರಾಕಿ ಮ್ಯಾಟರ್ ತಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಆಟ ಇಲ್ಲೇ ನಡೆಯುತ್ತದೋ, ಹೊರ ರಾಜ್ಯ ಅಥವಾ ಹೊರ ದೇಶದಲ್ಲೋ, ಫೋನಿನಲ್ಲೋ?

ಇಲ್ಲೇ ನಡೆಯುವುದಾದರೆ ಮಾತೇ ಬೇಡ, ಕಾಗದ ವಾಪಸ್. ‘ರಿಕ್ರಿಯೇಷನ್ ಕ್ಲಬ್’ ಎಂಬ ಹೆಸರಿದ್ದರೂ ಅಷ್ಟೇ. ರಮ್ಮಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ ಹೇಳಿರುವುದು ನಿಜ. ಆದರೆ ಬಾಜಿಯ ದುಡ್ಡಿನಲ್ಲಿ ಜಾಗದ ಮಾಲೀಕ ಪಾಲು ತೆಗೆದುಕೊಂಡರೆ ಕಥೆ ಬೇರೆಯಾಗುತ್ತದೆ.

ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ಆಟವಾದರೆ ಇದಕ್ಕಿಂತ ಗಟ್ಟಿಯಾಗಿ ಬೇಡ ಎನ್ನಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು, 22ನೇ ತಾರೀಖು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ ಆಡುವ ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ಭೇದ ಅದರಲ್ಲಿ ಇಲ್ಲ. ಆಟ ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ, ಅಥವಾ ಎರಡೂ. ಜಾಹೀರಾತು ಮಾಡಿದರೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ, ಅಥವಾ ಎರಡೂ. ‘ಮಾಡಿದವರು’ ಎಂದಷ್ಟೇ ಅಲ್ಲ, ಜಾಹೀರಾತು ಮಾಡಲು ನೆರವಾದವರು, ಮಾಡಿಸಿದವರು, ಅದರಲ್ಲಿ ತೊಡಗಿದವರು ಎಲ್ಲರೂ ಸೇರುತ್ತಾರೆ. ಡಿಸೈನ್ ಮಾಡುವ ನನ್ನಂಥವನೂ ಬಂದ, ರೀಲ್ಸ್ ಮಾಡುವ ಹುಡುಗನೂ ಬಂದ.

ಗೋವಾ, ಶ್ರೀಲಂಕಾ, ನೇಪಾಳ ಎಂದು ಹೊರಗಿನದಾದರೆ ಮುಂದಿನ ಹೆಜ್ಜೆಗೆ ಹೋಗಿ. ಹೆಚ್ಚು ಜನ ಎಡವುವುದು ಅಲ್ಲೇ.

ಹೆಜ್ಜೆ 3: ಪ್ಯಾಂಪ್ಲೆಟ್‌ನ ಪ್ರತಿ ಮಾತನ್ನೂ ಬೆರಳಿಟ್ಟು ಓದಿ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ ದೆಹಲಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೆ. ಜನರ ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಅದು 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಟಿವಿಗೆ ಮಾತ್ರ, ದೊಡ್ಡ ಕಂಪನಿಗೆ ಮಾತ್ರ ಎಂದೇನಿಲ್ಲ. ಕಾಗದ, ಬ್ಯಾನರ್, ವಾಟ್ಸ್ಆ್ಯಪ್, ರೀಲ್ಸ್ ಎಲ್ಲದಕ್ಕೂ ಅನ್ವಯ. ಯಾವುದೇ ಕಾನೂನು ನಿಷೇಧಿಸಿದ ಸರಕು ಅಥವಾ ಸೇವೆಯ ಜಾಹೀರಾತು ಮಾಡುವಂತಿಲ್ಲ ಎಂದು ಅದರಲ್ಲಿದೆ. 2024ರ ಮಾರ್ಚ್ 6ರಂದು ಅದೇ ಪ್ರಾಧಿಕಾರ ಬೆಟ್ಟಿಂಗ್, ಜೂಜಿನ ಜಾಹೀರಾತು ಮತ್ತು ಪ್ರಚಾರದ ಬಗ್ಗೆಯೇ ಪ್ರತ್ಯೇಕ ಎಚ್ಚರಿಕೆ ಕೊಟ್ಟಿತು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಅದನ್ನು ಪ್ರಕಟಿಸಿದವರಿಗೂ 10 ಲಕ್ಷದವರೆಗೆ ಬೀಳಬಹುದು. ಮಾಮೂಲಿ ವ್ಯವಹಾರದಲ್ಲಿ ಪ್ರಕಟಿಸಿದೆ ಎಂದು ಸಾಬೀತು ಮಾಡಿದರೆ ಪ್ರಕಟಿಸಿದವರಿಗೆ ರಕ್ಷಣೆ ಇದೆ. ಪ್ರಾಧಿಕಾರ ಬೇಡ ಎಂದದ್ದು ಗೊತ್ತಿದ್ದೂ ಹಾಕಿದರೆ ಆ ರಕ್ಷಣೆಯೂ ಇಲ್ಲ.

ಈಗ ನನ್ನ ಆ ಹಳೆಯ ಪ್ಯಾಂಪ್ಲೆಟ್ ತೆಗೆದುಕೊಳ್ಳೋಣ. ಅದರ ಒಂದು ಪ್ರತಿ ಇನ್ನೂ ನನ್ನ ಡ್ರಾಯರಿನಲ್ಲಿದೆ.

‘ಕ್ಯಾಸಿನೊ ಎಂಟ್ರಿ ಫ್ರೀ.’ ಮೊದಲು ಹೋಗಬೇಕಾದ ಮಾತು ಇದು. ಜಾಹೀರಾತಿಗೆ ಸ್ಪಂದಿಸುವ, ವಸ್ತು ಪಡೆಯುವ ಅಥವಾ ತರಿಸಿಕೊಳ್ಳುವ ಅನಿವಾರ್ಯ ಖರ್ಚು ಬಿಟ್ಟು ಗಿರಾಕಿಯಿಂದ ಬೇರೆ ದುಡ್ಡು ತೆಗೆದುಕೊಳ್ಳುವುದಾದರೆ ‘ಫ್ರೀ’ ಎನ್ನುವಂತಿಲ್ಲ ಎಂದು ಮಾರ್ಗಸೂಚಿ ಹೇಳುತ್ತದೆ. ಆ ಎಂಟ್ರಿಯ ದುಡ್ಡು ಬಸ್ ದುಡ್ಡಿನ ಒಳಗೇ ಸೇರಿರುತ್ತದೆ. ಅದಕ್ಕೆ ತೆರಿಗೆಯೂ ಇದೆ. 2023ರ ಅಕ್ಟೋಬರ್‌ನಿಂದ ಕ್ಯಾಸಿನೊದಲ್ಲಿ ಆಟಕ್ಕೆ ಕಟ್ಟುವ ಹಣದ ಮೇಲೆ ಶೇ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 40. ಯಾರೂ ಸುಮ್ನೆ ಫ್ರೀ ಕೊಡುವುದಿಲ್ಲ.

‘ಅದೃಷ್ಟ ಪರೀಕ್ಷಿಸಿ, ಲಕ್ಷಾಧಿಪತಿಯಾಗಿ ಮರಳಿ.’ ಇದು ಜೂಜಿಗೆ ನೇರ ಆಹ್ವಾನ, ಜೊತೆಗೆ ಸುಳ್ಳು ಆಸೆ. ಪ್ರವಾಸದ ಮಾತು ಇದರಲ್ಲಿ ಒಂದೂ ಇಲ್ಲ. ಗೆದ್ದರೂ ಶೇ 30 ಆದಾಯ ತೆರಿಗೆ ಇದೆ ಎಂದು ಯಾವ ಪ್ಯಾಂಪ್ಲೆಟ್ಟೂ ಹೇಳುವುದಿಲ್ಲ.

‘ಕಾಲೇಜ್ ಗ್ರೂಪ್‌ಗೆ ವಿಶೇಷ ರಿಯಾಯಿತಿ.’ ಗೋವಾದಲ್ಲೇ 21 ವರ್ಷ ತುಂಬದವರನ್ನು ಕ್ಯಾಸಿನೊ ಒಳಗೆ ಬಿಡುವಂತಿಲ್ಲ. ನಮ್ಮ ಡಿಗ್ರಿ ಕಾಲೇಜಿನ ಹುಡುಗರ ವಯಸ್ಸು 18ರಿಂದ 21. ಕಾಲೇಜ್ ಗೇಟಿನ ಮುಂದೆ ಈ ಕಾಗದ ಹಂಚಿದ ದಿನಗಳು ನೆನಪಾದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕೊನೆಗೆ ಆ ಇರುವೆ ಸಾಲು. ಷರತ್ತು ಇದ್ದರೆ, ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಅದೇ ಅಕ್ಷರ ಶೈಲಿಯಲ್ಲಿ ಇರಬೇಕು ಎಂದು ಮಾರ್ಗಸೂಚಿ ಹೇಳುತ್ತದೆ. ದೊಡ್ಡ ಕನ್ನಡದಲ್ಲಿ ಆಸೆ, ಸಣ್ಣ ಇಂಗ್ಲಿಷಿನಲ್ಲಿ ಷರತ್ತು ಎಂದರೆ ನಡೆಯುವುದಿಲ್ಲ. ಇದನ್ನು ಕ್ಯಾಸಿನೊಗೆ ಮಾತ್ರ ಎಂದುಕೊಳ್ಳಬೇಡಿ. ನೀವು ಮಂತ್ರಾಲಯ, ತಿರುಪತಿ ಟೂರ್ ಹಾಕಿದರೂ ಇದೇ ನಿಯಮ.

ಹಾಗಾದರೆ ಗೋವಾ ಟೂರ್ ಹಾಕಲೇಬಾರದೇ? ಹಾಕಿ, ಧಾರಾಳವಾಗಿ ಹಾಕಿ. ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೇಲೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಹಿಡಿದರೆ ಕ್ಯಾಸಲ್‌ರಾಕ್ ಘಾಟಿ ಇಳಿದು ಮಡಗಾಂವ್ ತಲುಪಬಹುದು. ಆ ದಾರಿಯೇ ಒಂದು ಪ್ರವಾಸ. ಕಡಲತೀರ, ಹಳೆಯ ಗೋವಾದ ಚರ್ಚ್‌ಗಳು, ಮಂಗೇಶಿ ದೇವಸ್ಥಾನ, ಮಸಾಲೆ ತೋಟ ಎಂದು ಬರೆಯಿರಿ. ಬೋಟಿಂಗ್ ಇದ್ದರೆ ಯಾವ ಬೋಟ್ ಎಂದು ಬಿಡಿಸಿ ಬರೆಯಿರಿ. ಪಣಜಿ ಜೆಟ್ಟಿಯಿಂದ ಸಂಜೆ ಹೊರಡುವ ಹಾಡು-ಕುಣಿತದ ಬೋಟ್ ಬೇರೆ, ಕ್ಯಾಸಿನೊ ಹಡಗು ಬೇರೆ. ‘ರಿವರ್ ಕ್ರೂಸ್’ ಎಂದಷ್ಟೇ ಬರೆದು ಎರಡನೆಯದಕ್ಕೆ ಹತ್ತಿಸುವವರಿದ್ದಾರೆ. ಮನೆಯ ಹೆಣ್ಣುಮಕ್ಕಳು, ಮಕ್ಕಳನ್ನು ಕರೆದುಕೊಂಡು ಹೋದವರು ಅಲ್ಲಿ ಹೋಗಿ ಪೇಚಾಡಿದ್ದನ್ನು ನನ್ನ ಗಿರಾಕಿಗಳೇ ಹೇಳಿದ್ದಾರೆ.

ಹೆಜ್ಜೆ 4: ಚಿತ್ರಗಳನ್ನೂ ಮಾತಿನಷ್ಟೇ ಗಟ್ಟಿಯಾಗಿ ನೋಡಿ

‘ಕ್ಯಾಸಿನೊ ಎಂದು ಎಲ್ಲೂ ಬರೆದಿಲ್ಲವಲ್ಲ’ ಎನ್ನುತ್ತಾರೆ. ಆದರೆ ಇಸ್ಪೀಟ್ ಎಲೆ, ಕೆಂಪು-ಕಪ್ಪು ಚಕ್ರ, ಬಣ್ಣದ ಚಿಪ್ಸ್ (ಆಟದಲ್ಲಿ ದುಡ್ಡಿನ ಬದಲು ಇಡುವ ಬಿಲ್ಲೆ) ಚಿತ್ರ ಇರುತ್ತದೆ. ಹೆಸರು ಹೇಳದೆ ಬೇರೆ ರೂಪದಲ್ಲಿ ನಿಷೇಧಿತ ಸರಕನ್ನು ತೋರಿಸುವ ಮರೆಜಾಹೀರಾತಿಗೂ 2022ರ ಮಾರ್ಗಸೂಚಿಯಲ್ಲಿ ತಡೆ ಇದೆ. ಸೋಡಾ ತೋರಿಸಿ ಸಾರಾಯಿ ಮಾರುವ ಜಾಹೀರಾತು ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಳ್ಳಿಗಳ ಕ್ರಿಕೆಟ್, ಕಬಡ್ಡಿ ಟೂರ್ನಿಗಳಿಗೆ ಬರುವ ಸ್ಪಾನ್ಸರ್ ಬ್ಯಾನರ್‌ಗಳನ್ನೂ ಇದೇ ಕಣ್ಣಿನಿಂದ ನೋಡಿ. ಬೆಟ್ಟಿಂಗ್ ಆ್ಯಪ್‌ಗಳು ‘ನ್ಯೂಸ್’, ‘ಸ್ಪೋರ್ಟ್ಸ್’ ಎಂದು ಬಾಲ ಸೇರಿಸಿಕೊಂಡು ಬರುತ್ತವೆ. ಲೋಗೋ ಅದೇ, ಬಣ್ಣ ಅದೇ. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2022ರ ಅಕ್ಟೋಬರ್‌ನಲ್ಲೇ ಈ ಆಟ ಹಿಡಿದು ಟಿವಿ ಚಾನೆಲ್ ಮತ್ತು ಡಿಜಿಟಲ್ ಮಾಧ್ಯಮಗಳಿಗೆ ಎಚ್ಚರಿಕೆ ಕೊಟ್ಟಿತ್ತು.

ಹೆಜ್ಜೆ 5: ಹೋಂಸ್ಟೇಯಲ್ಲಿ ‘ಕ್ಯಾಸಿನೊ ನೈಟ್’ ಬೇಡ

2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಹಂಪಿ ಎದುರಿನ ವಿರೂಪಾಪುರ ಗಡ್ಡಿಯ ರೆಸಾರ್ಟ್‌ಗಳನ್ನು ಕೆಡವಿದರು. ಈಗ ಆ ಕಡೆಯ ಪ್ರವಾಸಿಗರು ಸಣಾಪುರ, ಆನೆಗೊಂದಿ ಸುತ್ತಲಿನ ಹೋಂಸ್ಟೇಗಳಲ್ಲಿ ಉಳಿಯುತ್ತಾರೆ. ಪೈಪೋಟಿ ಜಾಸ್ತಿ. ಹಾಗಾಗಿ ಏನಾದರೂ ಹೊಸದು ಮಾಡಬೇಕೆಂಬ ಆತುರ ಹುಡುಗರಲ್ಲಿ ಇರುತ್ತದೆ. ಹೊಸ ವರ್ಷದ ಮುಂಚೆ ಒಬ್ಬ ಹುಡುಗ ನನ್ನ ಅಂಗಡಿಗೆ ಬಂದ. ಫೋನಿನಲ್ಲಿ ಒಂದು ಪೋಸ್ಟರ್ ತೋರಿಸಿದ.

‘ಅಣ್ಣಾ, ಹಿಂಗ ಒಂದು ಮಾಡಿ ಕೊಡ್ರಿ. ಕ್ಯಾಸಿನೊ ನೈಟ್.’

‘ರೊಕ್ಕ ಹಚ್ಚಿ ಆಡ್ತಾರೇನು ತಮ್ಮಾ?’

‘ಇಲ್ರಿ ಅಣ್ಣಾ. ಬರೇ ಪ್ಲಾಸ್ಟಿಕ್ ಚಿಪ್ಸ್ ಐತ್ರಿ. ಒಳಗ ಬರೋವಾಗ ಐನೂರು ಕೊಟ್ಟು ತಗೊಂತಾರ. ಗೆದ್ದೋರಿಗೆ ಒಂದು ದಿನದ ರೂಮ್ ಫ್ರೀ.’

‘ಚಿಪ್ಸಿಗೆ ಐನೂರು ಕೊಟ್ರ ಅದು ರೊಕ್ಕನ ಅಲ್ಲೇನು? ರೂಮಿಗೆ ಬೆಲೆ ಇಲ್ಲೇನು?’

ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಪೊಲೀಸ್ ಕಾಯ್ದೆಯ 79, 80ನೇ ಕಲಂ ಏನು ಹೇಳುತ್ತವೆ ಎಂದು ವಿವರಿಸಿದೆ. ದುಡ್ಡು ಅಥವಾ ದುಡ್ಡಿನ ಬೆಲೆಯ ವಸ್ತುವನ್ನು ಪಣಕ್ಕಿಟ್ಟು, ಜಾಗ ಕೊಟ್ಟವನು ಅದರಿಂದ ಲಾಭ ಪಡೆದರೆ ಅದು ಜೂಜಿನ ಅಡ್ಡೆ. ಅವನ ಅಪ್ಪನ ಹೆಸರಿನಲ್ಲಿರುವ ಮನೆಯ ಮೇಲೆ ಅಂಥ ಕೇಸು ಬಿದ್ದರೆ ಹೋಂಸ್ಟೇಯ ಗತಿ ಏನು ಎಂದು ಕೇಳಿದೆ. ಕೊನೆಗೆ ನಾವಿಬ್ಬರೂ ಕುಳಿತು ಬೇರೆ ಪೋಸ್ಟರ್ ಮಾಡಿದೆವು. ತೊಗಲುಗೊಂಬೆ ಆಟ, ಕಟ್ಟಿಗೆ ಒಲೆಯ ಮೇಲೆ ಜೋಳದ ರೊಟ್ಟಿ ತಟ್ಟುವುದನ್ನು ಕಲಿಸುವುದು, ಬೆಳಿಗ್ಗೆ ಬಂಡೆಗಳ ನಡುವೆ ನಡಿಗೆ. ರೊಟ್ಟಿ ತಟ್ಟುವ ಫೋಟೊದಲ್ಲಿದ್ದದ್ದು ಅವನ ಅಮ್ಮ.

ಅತಿಥಿಗಳು ತಮ್ಮ ರೂಮಿನಲ್ಲಿ ಸುಮ್ನೆ ಮೋಜಿಗೆ ಇಸ್ಪೀಟ್ ಎಲೆ ಹಾಕಿಕೊಂಡರೆ? ದುಡ್ಡು ಇಲ್ಲದಿದ್ದರೆ ತೊಂದರೆ ಇಲ್ಲ. ದುಡ್ಡು ಕಂಡರೆ ಮರ್ಯಾದೆಯಿಂದ ನಿಲ್ಲಿಸಿ. ‘ಹಣ ಹಚ್ಚಿ ಆಡುವಂತಿಲ್ಲ’ ಎಂಬ ಒಂದು ಸಾಲನ್ನು ರೂಮಿನ ನಿಯಮಗಳ ಚೀಟಿಯಲ್ಲಿ ಮೊದಲೇ ಸೇರಿಸಿ, ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ. ದೀಪಾವಳಿಯಲ್ಲಿ ಎಲೆ ಆಡುವುದು ನಮ್ಮ ಕಡೆ ರೂಢಿ ಎಂಬ ಮಾತು ಬರುತ್ತದೆ. ಕಾಯ್ದೆಯಲ್ಲಿ ಹಬ್ಬಕ್ಕೆ ಬಿಡುವಿಲ್ಲ.

ಹೆಜ್ಜೆ 6: ಲಕ್ಕಿ ಡ್ರಾ ಇದ್ದರೆ ತೆಗೆಯಿರಿ

ಇದು ಜೂಜು ಎಂದು ನಮ್ಮಲ್ಲಿ ಯಾರಿಗೂ ಅನಿಸುವುದೇ ಇಲ್ಲ. ‘ಸೀಟ್ ಬುಕ್ ಮಾಡಿ, ಬೈಕ್ ಗೆಲ್ಲಿ.’ ‘ಹತ್ತು ಜನರಲ್ಲಿ ಒಬ್ಬರಿಗೆ ಕಾಶಿ ಯಾತ್ರೆ ಉಚಿತ.’ ಜಾತ್ರೆ ಸೀಸನ್ ಬಂದರೆ ನನಗೆ ಇಂಥ ಕೂಪನ್‌ಗಳದ್ದೇ ಆರ್ಡರ್ ಬರುತ್ತಿತ್ತು. ಕರ್ನಾಟಕ 2007ರಲ್ಲೇ ಲಾಟರಿ ನಿಲ್ಲಿಸಿದೆ. ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂ ಪ್ರಕಾರ, ಸರ್ಕಾರದ ಅನುಮತಿ ಇಲ್ಲದ ಲಾಟರಿಯಲ್ಲಿ ಬಹುಮಾನ ಕೊಡುತ್ತೇವೆ ಎಂದು ಪ್ರಕಟಿಸಿದರೂ 5,000 ರೂಪಾಯಿವರೆಗೆ ದಂಡ. ಸರಕು, ಸೇವೆಯ ಮಾರಾಟ ಹೆಚ್ಚಿಸಲು ಲಾಟರಿ, ಅದೃಷ್ಟದ ಆಟ ನಡೆಸುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರದ ಪಟ್ಟಿಯಲ್ಲಿ ಸೇರಿಸಿದೆ.

ಗಿರಾಕಿಗೆ ಏನಾದರೂ ಕೊಡಬೇಕೆಂದಿದ್ದರೆ ಎಲ್ಲರಿಗೂ ಕೊಡಿ. ಮುಂಗಡ ಬುಕ್ ಮಾಡಿದವರಿಗೆಲ್ಲ 200 ರೂಪಾಯಿ ಕಡಿಮೆ, ಅಥವಾ ಬಸ್ ಹತ್ತಿದವರಿಗೆಲ್ಲ ಒಂದು ಸಣ್ಣ ಕಿನ್ನಾಳ ಗೊಂಬೆ. ಗೊಂಬೆ ಮಾಡುವವರಿಗೂ ಅಷ್ಟು ವ್ಯಾಪಾರ ಆಗುತ್ತದೆ.

ಹೆಜ್ಜೆ 7: ಪೇಜ್ ನಡೆಸುವ ಹುಡುಗರು ಇಷ್ಟು ನೆನಪಿಡಿ

ಸಣಾಪುರ ಕೆರೆಯ ಸೂರ್ಯಾಸ್ತ, ಅಂಜನಾದ್ರಿಯ ಮೆಟ್ಟಿಲು, ಬಳ್ಳಾರಿ ಕೋಟೆಯ ಡ್ರೋನ್ ದೃಶ್ಯ. ನಮ್ಮ ಹುಡುಗರ ರೀಲ್ಸ್ ನೋಡಿಯೇ ಬೆಂಗಳೂರು, ಹೈದರಾಬಾದ್‌ನಿಂದ ಜನ ಬರುತ್ತಾರೆ. ಇದು ದೊಡ್ಡ ಕೆಲಸ. ಇಂಥ ಪೇಜ್‌ಗೆ ಹತ್ತಿಪ್ಪತ್ತು ಸಾವಿರ ಫಾಲೋವರ್ ಆದ ಕೂಡಲೇ ಒಂದು ಮೆಸೇಜ್ ಬರುತ್ತದೆ. ‘ಬ್ರೋ, ಸ್ಟೋರಿಯಲ್ಲಿ ಒಂದು ಲಿಂಕ್ ಹಾಕಿ, ದಿನಕ್ಕೆ ಇಷ್ಟು.’ ಆ ಲಿಂಕ್ ಬೆಟ್ಟಿಂಗ್ ಆ್ಯಪ್‌ನದು.

ಪ್ರಚಾರಕ್ಕೆ ದುಡ್ಡು ಪಡೆದಿದ್ದರೆ ‘ಜಾಹೀರಾತು’, ‘ಪೇಯ್ಡ್’ ಎಂದು ಎದ್ದು ಕಾಣುವಂತೆ ಹೇಳಬೇಕು ಎಂದು ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ತಿಳಿಸಿತು. ಇದನ್ನು ಓದಿ ಕೆಲವರು, ‘ಪೇಯ್ಡ್ ಎಂದು ಹಾಕಿದ್ದೇನೆ, ನನ್ನ ಜವಾಬ್ದಾರಿ ಮುಗಿಯಿತು’ ಎಂದುಕೊಂಡಿದ್ದಾರೆ. ಹಾಗಲ್ಲ. ಹೋಟೆಲ್, ಬಟ್ಟೆ ಅಂಗಡಿಗೆ ಅದು ಸಾಕು. ನಿಷೇಧಿತ ಆಟದ ಜಾಹೀರಾತಿಗೆ ಯಾವ ಲೇಬಲ್ ಹಚ್ಚಿದರೂ ಅದು ನಿಷೇಧಿತವೇ. 2024ರ ಮಾರ್ಚ್ 21ರಂದು ವಾರ್ತಾ ಸಚಿವಾಲಯ ಇನ್‌ಫ್ಲುಯೆನ್ಸರ್‌ಗಳ ಹೆಸರೆತ್ತಿಯೇ ಇದನ್ನು ಹೇಳಿತು. ದಾರಿ ತಪ್ಪಿಸುವ ಪ್ರಚಾರ ಮಾಡಿದವರನ್ನು ಗ್ರಾಹಕ ಪ್ರಾಧಿಕಾರ ಒಂದು ವರ್ಷದವರೆಗೆ ಯಾವ ಜಾಹೀರಾತನ್ನೂ ಮಾಡದಂತೆ ತಡೆಯಬಹುದು, ಮರುಕಳಿಸಿದರೆ ಮೂರು ವರ್ಷದವರೆಗೆ.

ಹಳೆಯ ಪೋಸ್ಟ್‌ಗಳಲ್ಲಿ, ಹೈಲೈಟ್ಸ್‌ನಲ್ಲಿ, ಬಯೋದಲ್ಲಿ ಅಂಥ ಲಿಂಕ್ ಉಳಿದಿದ್ದರೆ ಈವತ್ತೇ ತೆಗೆಯಿರಿ.

ಟ್ಯಾಕ್ಸಿ, ಆಟೊದವರಿಗೂ ಒಂದು ಮಾತು. ‘ಗಿರಾಕಿಯನ್ನು ಕ್ಲಬ್‌ಗೆ ಬಿಟ್ಟರೆ ತಲೆಗೆ ಇಷ್ಟು’ ಎಂಬ ಕಮಿಷನ್ ಬೇಡ. ಅನಧಿಕೃತ ಬೆಟ್ಟಿಂಗ್, ಜೂಜನ್ನು ಗುಂಪಾಗಿ ನಡೆಸುವುದನ್ನು ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಂ ಸಣ್ಣ ಸಂಘಟಿತ ಅಪರಾಧ ಎಂದು ಕರೆಯುತ್ತದೆ. ಶಿಕ್ಷೆ 1ರಿಂದ 7 ವರ್ಷ. ನೂರಿನ್ನೂರು ರೂಪಾಯಿಗೆ ಆ ಗುಂಪಿನ ಲೆಕ್ಕದಲ್ಲಿ ನಿಮ್ಮ ಗಾಡಿ ನಂಬರ್ ಸೇರಬಾರದು.

ಹೆಜ್ಜೆ 8: ಹೊರಗಿನ ಏಜೆಂಟ್ ಬಂದರೆ ಬರಹದಲ್ಲಿ ಕೇಳಿ

ದೊಡ್ಡ ಊರಿನ ಏಜೆಂಟರು ನಮ್ಮ ಸಣ್ಣ ಟ್ರಾವೆಲ್ಸ್‌ಗಳಿಗೆ ಪ್ಯಾಕೇಜ್ ಕೊಡುತ್ತಾರೆ. ಶ್ರೀಲಂಕಾ, ನೇಪಾಳಕ್ಕೆ ವಿಮಾನ, ಹೋಟೆಲ್ ‘ಫ್ರೀ’, ಬದಲಿಗೆ ಇಷ್ಟು ಲಕ್ಷದ ಚಿಪ್ಸ್ ಮೊದಲೇ ಕೊಳ್ಳಬೇಕು ಎಂಬ ಷರತ್ತು. ಇದನ್ನು ಪ್ರವಾಸ ಎಂದು ಮಾರಬೇಡಿ. ಒಪ್ಪುವ ಮೊದಲು ಮೂರು ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ. ಪ್ಯಾಕೇಜಿನ ದುಡ್ಡಿನಲ್ಲಿ ಯಾವುದಕ್ಕೆ ಎಷ್ಟು? ಗಿರಾಕಿ ಆಡದಿದ್ದರೂ ಇದೇ ರೇಟ್ ಸಿಗುತ್ತದೆಯೇ? ಗಿರಾಕಿ ಸೋತ ದುಡ್ಡಿನಲ್ಲಿ ಯಾರಿಗಾದರೂ ಕಮಿಷನ್ ಹೋಗುತ್ತದೆಯೇ? ಮೂರನೆಯದಕ್ಕೆ ನೇರ ಉತ್ತರ ಬರದಿದ್ದರೆ ಅಲ್ಲಿಗೇ ಬಿಡಿ. ನನ್ನ ಅನುಭವದಲ್ಲಿ ಈ ಪ್ರಶ್ನೆ ಕೇಳಿದ ಮೇಲೆ ಏಜೆಂಟರು ಮತ್ತೆ ಫೋನ್ ಮಾಡಿದ್ದೇ ಇಲ್ಲ.

ಜೂಜಿನ ಲೆಕ್ಕದಲ್ಲಿ ಯಾರಾದರೂ ನಿಮಗೆ ದುಡ್ಡು ಕೊಡಬೇಕಾಗಿ ಬಂದರೆ ಕೋರ್ಟಿಗೆ ಹೋಗಿ ವಸೂಲಿ ಮಾಡಲೂ ಆಗುವುದಿಲ್ಲ. 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಕರಾರಿಗೆ ಬೆಲೆಯೇ ಇಲ್ಲ.

ಹೆಜ್ಜೆ 9: ಕಂಡರೆ ಎಲ್ಲಿ ಹೇಳಬೇಕು

ಮೋಸದ ಪ್ಯಾಂಪ್ಲೆಟ್, ಬ್ಯಾನರ್, ರೀಲ್ಸ್ ಕಂಡರೆ ಮೊದಲು ಫೋಟೊ ಅಥವಾ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ತಾರೀಖು ಕಾಣುವಂತೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲಿ ಮಾತಾಡಬಹುದು. ಊರಲ್ಲೇ ಅಡ್ಡೆ ನಡೆಯುತ್ತಿದ್ದರೆ ಪೊಲೀಸರ 112. ಆನ್‌ಲೈನ್‌ನಲ್ಲಿ ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳಿದರೆ ಬ್ಯಾಂಕಿನಲ್ಲಿ ದುಡ್ಡು ತಡೆಯುವ ಅವಕಾಶ ಅಷ್ಟು ಜಾಸ್ತಿ. ‘ನಾನೂ ಆಡಿದ್ದೇನಲ್ಲ, ನನ್ನನ್ನೇ ಹಿಡಿದರೆ?’ ಎಂಬ ಹೆದರಿಕೆಯಿಂದ ಸುಮ್ಮನಿರುವವರು ಬಹಳ. 2025ರ ಆನ್‌ಲೈನ್ ಕಾಯ್ದೆ ಆಡಿದವರಿಗೆ ಶಿಕ್ಷೆ ಇಟ್ಟಿಲ್ಲ. ಆಡಿಸಿದವರು, ಪ್ರಚಾರ ಮಾಡಿದವರು, ದುಡ್ಡು ಸಾಗಿಸಿದವರ ಮೇಲೆ ಅದರ ಕಣ್ಣು.

ಮನೆಯಲ್ಲಿ ಯಾರಾದರೂ ಸೋತು ಕುಗ್ಗಿ ಕುಳಿತಿದ್ದರೆ ಬೈಯುವ ಮೊದಲು 14416ಕ್ಕೆ ಫೋನ್ ಮಾಡಿಸಿ. ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸೇವೆ ಅದು, ಹಗಲು ರಾತ್ರಿ ಇರುತ್ತದೆ. ನಮ್ಮ ಸೋದರಮಾವನ ಮಗನ ಕಾಲಕ್ಕೆ ಅದು ಇರಲಿಲ್ಲ. ಆರು ತಿಂಗಳು ಅವನು ಹೊಲದ ಕಡೆಗೇ ಹೋಗಲಿಲ್ಲ.

ಹೆಜ್ಜೆ 10: ಖಾಲಿಯಾದ ಜಾಗದಲ್ಲಿ ಏನು ಹಾಕುವುದು

ಚಕ್ರ, ಚಿಪ್ಸ್ ತೆಗೆದರೆ ಪ್ಯಾಂಪ್ಲೆಟ್ ಸಪ್ಪೆ ಆಗುತ್ತದೆ ಎಂದು ಗಿರಾಕಿಗಳು ಗೊಣಗುತ್ತಾರೆ. ಆಗ ನಾನು ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ತೆರೆದು ತೋರಿಸುತ್ತೇನೆ. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ, ಬೆಳಗಿನ ಬಿಸಿಲು ಕಂಬದ ಮೇಲೆ ಬಿದ್ದಾಗ ತೆಗೆದದ್ದು. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಕಲ್ಲಿನ ಮನೆಗಳು (ಬಹಳ ಹಿಂದಿನ ಕಾಲದ ಕಲ್ಲಿನ ಗೋರಿಗಳು), 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಅಶೋಕ ಎಂಬ ಹೆಸರೇ ಇರುವ ಮಸ್ಕಿಯ ಶಾಸನ, 1915ರಲ್ಲಿ ಸಿಕ್ಕಿದ್ದು. ಮುದಗಲ್ ಕೋಟೆ, ರಾಯಚೂರು ಕೋಟೆ, ಸಂಡೂರಿನ ಕುಮಾರಸ್ವಾಮಿ ದೇವಸ್ಥಾನ, ಲಂಬಾಣಿ ಕಸೂತಿ. ಗೋವಾ ಟೂರ್ ಮಾಡುವವರೂ ಹಿಂದಿನ ಪುಟದಲ್ಲಿ ಒಂದು ದಿನದ ಸ್ಥಳೀಯ ಟೂರ್ ಹಾಕಬಹುದು. ಹಾಗೆ ಹಾಕಿದ ಇಬ್ಬರಿಗೆ ಈಗ ಭಾನುವಾರದ ಇಟಗಿ-ಕುಕನೂರು ಬಸ್ ತುಂಬುತ್ತಿದೆ.

ಅಚ್ಚಿಗೆ ಹೋಗುವ ಮೊದಲು ಕೊನೆಯ ಪ್ರೂಫ್ ಮೇಲೆ ಗಿರಾಕಿಯ ಸಹಿ, ತಾರೀಖು ತೆಗೆದುಕೊಳ್ಳಿ. ನೀವು ಯಾವ ಮಾತು ತೆಗೆಯಲು ಹೇಳಿದಿರಿ ಎಂದು ಕೆಂಪು ಪೆನ್ನಿನಲ್ಲಿ ಅದರ ಮೇಲೇ ಬರೆದಿಡಿ. ಆ ಪ್ರೂಫ್ ಮತ್ತು ಅಚ್ಚಾದ ಒಂದು ಪ್ರತಿ, ಎರಡನ್ನೂ ಒಂದೇ ಫೈಲಿನಲ್ಲಿ ಹಾಕಿ ಕನಿಷ್ಠ ಮೂರು ವರ್ಷ ಇಟ್ಟುಕೊಳ್ಳಿ.